ಬಾಲಿಕೆಯ ಸ್ನಾನಗೃಹ

ಎರಡನೆಯ ಮಹಾಯುದ್ಧದ ಬಳಿಕ ಅಮೇರಿಕಾ ದೇಶದಲ್ಲಿ ಹಬ್ಬಿದ ನವೀನ ಗೃಹಾಲಂಕಾರ ಪದ್ಧತಿಯಲ್ಲಿ ಅಲ್ಲಿಯ ಹಲವರಿಗೆ ಇಂದಿಗೂ ಮೋಹವುಂಟು. ಮಗಳ ಸ್ನಾನಗೃಹವನ್ನು ಆ ರೀತಿಯಲ್ಲಿ ಸಿಂಗರಿಸಹೊರಟವರು ಮೊದಲು ಅರಸುವುದು ಗುಲಾಬಿ ಬಣ್ಣವನ್ನು. ಬಾಲಿಕೆಗೆ ಬೇರೆ ವರ್ಣವೇ ಸಲ್ಲದೆಂಬಂತೆ! ಆದರೆ ಆ ಕಾಲದ ಗುಲಾಬಿಯು ಹುಡುಗಿಯರ ಸೊತ್ತಾಗಿರಲಿಲ್ಲ. 1953ರಲ್ಲಿ ಐಸೆನ್‌ಹೋವರರು ರಾಷ್ಟ್ರಾಧ್ಯಕ್ಷರಾದಾಗ ಅವರ ಪತ್ನಿ ಮೇಮಿಯವರು ಧರಿಸಿದ ಗುಲಾಬಿ ಉಡುಪು ಜನರ ಕಣ್ಸೆಳೆದು, ಆ ಬಣ್ಣಕ್ಕೆ ಅವರ ಹೆಸರೇ ಅಂಟಿತು. ಎಷ್ಟೋ ಮನೆಗಳಲ್ಲಿ ಗೃಹಸ್ಥನು ಕ್ಷೌರ ಮಾಡಿಕೊಳ್ಳುತ್ತಿದ್ದುದೂ ಗುಲಾಬಿಯ ಪಿಂಗಾಣಿ ಬಿಲ್ಲೆಗಳ ನಡುವೆಯೇ.

ಆ ಪದ್ಧತಿಯು ಮಕ್ಕಳಿಗೆಂದೇ ಕೊಟ್ಟ ವಸ್ತು ಬೇರೆ. ಅದೇ ವರ್ಷ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಒಂದು ತೂಗುಗೂಟವನ್ನು ರಚಿಸಿದರು. ಬೆಸೆದ ಉಕ್ಕಿನ ತಂತಿ. ತುದಿಗಳಲ್ಲಿ ಬಣ್ಣಬಣ್ಣದ 14 ಮರದ ಗುಂಡುಗಳು. ಕಣ್ಣಿಗೆ ಆಟಿಕೆ, ಕೆಲಸಕ್ಕೆ ಗೂಟ. ಇದನ್ನು ತಂದೆಯ ತಲೆಯ ಮಟ್ಟಕ್ಕೆ ಬಡಿದರೆ ಬರಿಯ ಪ್ರದರ್ಶನವಾದೀತು. ಆರು ವರ್ಷದ ಹುಡುಗಿಯು ಒದ್ದೆಯ ಚೌಕವನ್ನು ತಾನೇ ನೇತುಹಾಕಬೇಕಾದರೆ ಗೂಟವು ಅವಳ ಭುಜದ ಮಟ್ಟಕ್ಕಿಳಿಯಬೇಕು. ಕನ್ನಡಿಯಲ್ಲಿ ಅವಳ ಮುಖವು ಕಾಣಬೇಕು, ನೆತ್ತಿಯಲ್ಲ. ಗೋಡೆಯ ಬಣ್ಣವನ್ನು ಅವಳನ್ನೇ ಕೇಳಬಹುದು, ಹಸುರೆಂದರೂ ಎಂದಾಳು. ಅವಳು ಬೆಳೆದಂತೆ ಗೂಟವನ್ನು ಮೇಲಕ್ಕೆ ಸರಿಸುವುದು ಕೆಲವು ತಿರುಪುಮೊಳೆಗಳ ಕೆಲಸವಷ್ಟೆ.