ತರಾರಾ: ಚೆರ್ನೋಬಿಲ್ ಮಕ್ಕಳನ್ನು ಸಾಕಿದ ಕಡಲೂರು

ಹವಾನಾದ ಹಳೇ ಪೇಟೆಯಿಂದ ಪೂರ್ವಕ್ಕೆ ಹೊರಟರೆ ಮೊದಲು ಕೊಲ್ಲಿಯ ಅಡಿಯಲ್ಲಿ ಹಾದುಹೋಗುವ ಸುರಂಗ ಸಿಗುತ್ತದೆ. ಅದನ್ನು ದಾಟಿ ಹೊರಗೆ ಬಂದ ಕೂಡಲೇ ಗದ್ದಲ ಕಡಿಮೆಯಾಗಿ ಎಡಕ್ಕೆ ಕಡಲು ಕಾಣಿಸಿಕೊಳ್ಳುತ್ತದೆ. ಮುಂದೆ ಅಲಾಮಾರ್ ಎಂಬ ಬಡಾವಣೆ. ಸೋವಿಯತ್ ಮಾದರಿಯ ಕಾಂಕ್ರೀಟ್ ಕಟ್ಟಡಗಳು ಸಾಲುಸಾಲಾಗಿ ನಿಂತ ಅದನ್ನು ನೋಡಿದರೆ ನಮ್ಮ ಮುಂಬಯಿಯ ಹಳೇ ಮ್ಹಾಡಾ ಕಾಲೊನಿಗಳ ನೆನಪಾಗುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ, ‘ವಿಯಾ ಬ್ಲಾಂಕಾ’ ಹೆದ್ದಾರಿಯ ಪಕ್ಕದಲ್ಲಿ ತರಾರಾ ಇದೆ. ನಗರದಿಂದ ಸುಮಾರು 20 ಕಿಲೋಮೀಟರು.

ಪ್ರವಾಸಿಗಳ ಪಟ್ಟಿಯಲ್ಲಿ ಈ ಊರಿನ ಹೆಸರು ಅಷ್ಟಾಗಿ ಇರುವುದಿಲ್ಲ. ನಾನು ಹವಾನಾಕ್ಕೆ ಹೋದದ್ದು ಔಷಧ ಕಂಪನಿಯ ಕೆಲಸದ ಮೇಲೆ. ಇದು ಕೇಳಲು ವಿಚಿತ್ರವಾದರೂ ನಮ್ಮ ಕ್ಷೇತ್ರದಲ್ಲಿ ಹೊಸದೇನಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಕ್ಯೂಬಾದ ವಿಜ್ಞಾನಿಗಳ ಜೊತೆಗೂಡಿ 2006ರಲ್ಲೇ ಕ್ಯಾನ್ಸರ್ ಔಷಧವೊಂದನ್ನು ಮಾರುಕಟ್ಟೆಗೆ ತಂದಿತ್ತು. ಹತ್ತು ದಿನಗಳಲ್ಲಿ ಒಂದು ಭಾನುವಾರ ಬಿಡುವಾಗಿ ಸಿಕ್ಕಿತು. ಎಲ್ಲಿಗೆ ಹೋಗೋಣ ಎಂದು ಅಲ್ಲಿನ ಸಹೋದ್ಯೋಗಿ ಕೇಳಿದಾಗ ತರಾರಾ ಎಂದೆ. ಅವರಿಗೆ ಆಶ್ಚರ್ಯವಾಯಿತು. ಅವರ ಚಿಕ್ಕಮ್ಮ ಅಲ್ಲಿ ನರ್ಸ್ ಆಗಿದ್ದವರಂತೆ. ಅವರನ್ನೂ ಕರೆದುಕೊಂಡೇ ಹೊರಟೆವು.

ತರಾರಾಕ್ಕೆ ಹಲವು ಜನ್ಮಗಳಿವೆ. ಕ್ರಾಂತಿಗೆ ಮೊದಲು ಅದು ಸಿರಿವಂತರ ಕಡಲತೀರ. ಗೇಟು, ಕಾವಲು, ವಿಹಾರ ದೋಣಿಗಳ ಕ್ಲಬ್ಬು, ಹೆಂಚಿನ ಮಾಡಿನ ಅಚ್ಚುಕಟ್ಟಾದ ಬಂಗಲೆಗಳು. 1959ರಲ್ಲಿ ಅಸ್ತಮಾದಿಂದ ಬಳಲುತ್ತಿದ್ದ ಚೆ ಗೆವಾರ ಸುಧಾರಿಸಿಕೊಳ್ಳಲು ಇಲ್ಲಿಯೇ ಒಂದು ಮನೆಯಲ್ಲಿ ಇದ್ದರು. ಮಾಲೀಕರು ಒಬ್ಬೊಬ್ಬರಾಗಿ ದೇಶ ಬಿಟ್ಟ ಮೇಲೆ ಬಂಗಲೆಗಳು ಸರ್ಕಾರದ ಕೈಸೇರಿದವು. 1975ರಲ್ಲಿ ಅದು ಶಾಲಾ ಮಕ್ಕಳ ಶಿಬಿರ ನಗರವಾಯಿತು. ಆಸ್ಪತ್ರೆ, ತರಗತಿ, ದೊಡ್ಡ ಅಡುಗೆಮನೆ, ರಂಗಮಂದಿರ ಎಲ್ಲವೂ ಬಂದವು. ಹೀಗಾಗಿ 1990ರಲ್ಲಿ ಸಾವಿರಾರು ಕಿಲೋಮೀಟರ್ ದೂರದಿಂದ ಕಾಯಿಲೆಯ ಮಕ್ಕಳು ಬರುತ್ತಾರೆ ಎಂದಾಗ ಕ್ಯೂಬಾದ ಬಳಿ ಅವರನ್ನು ಇರಿಸಿಕೊಳ್ಳಲು ಒಂದು ಊರೇ ಸಿದ್ಧವಿತ್ತು.

ಆ ಮಕ್ಕಳ ಕತೆ ಶುರುವಾಗುವುದು 1986ರ ಏಪ್ರಿಲ್ 26ರ ನಡುರಾತ್ರಿ ಕಳೆದು ಒಂದು ಗಂಟೆ 23 ನಿಮಿಷಕ್ಕೆ. ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ಘಟಕ ಸ್ಫೋಟಿಸಿತು. ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 50 ಸಾವಿರ ಜನರನ್ನು ಮರುದಿನ ಬಸ್ಸು ಹತ್ತಿಸಿದರು. ಆದರೆ ಗಾಳಿಗೆ ಬಸ್ಸೂ ಬೇಡ, ಗಡಿಯೂ ಇಲ್ಲ. ವಿಕಿರಣಶೀಲ ಧೂಳು ಉಕ್ರೇನ್, ಬೆಲಾರುಸ್, ರಷ್ಯಾದ ಹುಲ್ಲುಗಾವಲುಗಳ ಮೇಲೆ ಇಳಿಯಿತು. ಹುಲ್ಲನ್ನು ಹಸು ತಿಂದಿತು, ಹಸುವಿನ ಹಾಲನ್ನು ಮಗು ಕುಡಿಯಿತು. ಧೂಳಿನಲ್ಲಿದ್ದ ವಿಕಿರಣಶೀಲ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗಿಬಿಡುವಂಥದ್ದು. ಆದರೆ ಆ ಕೆಲವೇ ವಾರಗಳಲ್ಲಿ ಅದು ಮಕ್ಕಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಹೋಗಿ ಕುಳಿತಿತು. ಮಗು ಚಿಕ್ಕದಾದಷ್ಟೂ ಗ್ರಂಥಿ ಚಿಕ್ಕದು, ಕುಡಿಯುವ ಹಾಲು ಹೆಚ್ಚು, ಪೆಟ್ಟೂ ಹೆಚ್ಚು. ನಂತರದ ವರ್ಷಗಳಲ್ಲಿ ಮಕ್ಕಳಾಗಿದ್ದವರಲ್ಲಿ ಸಾವಿರಾರು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ಕಂಡುಬಂದವು. ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಂದ ಬದುಕಿಕೊಂಡರು ಎಂಬುದಷ್ಟೇ ಸಮಾಧಾನ.

ಉಕ್ರೇನಿನಿಂದ ನೆರವಿನ ಕೋರಿಕೆ ಬಂದಾಗ ಕ್ಯೂಬಾ ಮೊದಲು ತನ್ನ ವೈದ್ಯರನ್ನು ಅಲ್ಲಿಗೆ ಕಳಿಸಿ ಮಕ್ಕಳನ್ನು ನೋಡಿ ಬರಲು ಹೇಳಿತು. 1990ರ ಮಾರ್ಚ್ 29ರಂದು 139 ಮಕ್ಕಳ ಮೊದಲ ತಂಡ ಹವಾನಾದಲ್ಲಿ ಇಳಿಯಿತು. ವಿಮಾನದ ಬಳಿ ಫಿಡೆಲ್ ಕ್ಯಾಸ್ಟ್ರೋ ಖುದ್ದಾಗಿ ಬಂದಿದ್ದರು. ಅಂದು ಶುರುವಾದ ಕೆಲಸ ನಡೆದದ್ದು 2011ರವರೆಗೆ, ಅಂದರೆ 21 ವರ್ಷ. ಬಂದು ಹೋದವರು 25 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಮಕ್ಕಳು, ಬಹುಪಾಲು ಉಕ್ರೇನಿನವರು. ಪ್ರಯಾಣದ ಖರ್ಚು ಆ ಕಡೆಯವರದು. ಇಲ್ಲಿ ಇಳಿದ ಮೇಲೆ ಮನೆ, ಊಟ, ಔಷಧ, ಪಾಠ ಎಲ್ಲವೂ ಕ್ಯೂಬಾದ್ದು.

ಗೇಟಿನಲ್ಲಿ ಕಾವಲುಗಾರ ನಮ್ಮನ್ನು ತಡೆದ. ನರ್ಸಮ್ಮ ಇಳಿದು ಹೋಗಿ ಎರಡು ಮಾತು ಆಡಿದ ಮೇಲೆ ಒಳಗೆ ಬಿಟ್ಟ. ಕೆಲವು ಬಂಗಲೆಗಳಿಗೆ ಹೊಸ ಬಣ್ಣ ಬಳಿದು ಬಾಡಿಗೆಗೆ ಕೊಡುತ್ತಾರೆ. ಹಲವು ಕಟ್ಟಡಗಳ ಕಿಟಕಿಗಳಿಗೆ ಬಾಗಿಲಿಲ್ಲ, ಮಾಡಿನ ಮೇಲೆ ಗಿಡ ಎದ್ದಿದೆ. ದಂಡೆಯಲ್ಲಿ ಗಾಳಿಮರಗಳು. ನಮ್ಮ ಅಂಕೋಲೆ, ಕಾರವಾರದ ಕಡಲತೀರದಲ್ಲಿ ನಿಂತಿರುವುದೂ ಇದೇ ಮರ. ಗಾಳಿ ಬಂದಾಗ ಅದೇ ಸುಯ್ಯೆನ್ನುವ ಸದ್ದು.

ನರ್ಸಮ್ಮ ಒಂದೊಂದೇ ಮನೆ ತೋರಿಸುತ್ತ ನಡೆದರು. ಅವರ ಸ್ಪ್ಯಾನಿಷನ್ನು ಸಹೋದ್ಯೋಗಿ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಬಂದ ಮಕ್ಕಳನ್ನು ನಾಲ್ಕು ಗುಂಪು ಮಾಡುತ್ತಿದ್ದರಂತೆ. ರಕ್ತದ ಕ್ಯಾನ್ಸರಿನಂಥ ಗಂಭೀರ ಕಾಯಿಲೆಯವರು ನೇರವಾಗಿ ಹವಾನಾದ ದೊಡ್ಡ ಆಸ್ಪತ್ರೆಗಳಿಗೆ. ದೀರ್ಘ ಕಾಲ ಆಸ್ಪತ್ರೆಯ ಆರೈಕೆ ಬೇಕಾದವರು ಎರಡನೆಯ ಗುಂಪು. ಓಡಾಡಿಕೊಂಡೇ ಚಿಕಿತ್ಸೆ ಪಡೆಯಬಹುದಾದವರು ಮೂರನೆಯದು. ತಕ್ಕಮಟ್ಟಿಗೆ ಆರೋಗ್ಯವಾಗಿದ್ದು, ಕಲುಷಿತ ಊರಿನಿಂದ ಬಂದವರು ನಾಲ್ಕನೆಯದು. ಕೆಲವರು ಎರಡು ತಿಂಗಳಲ್ಲಿ ಮರಳಿದರೆ ಕೆಲವರು ವರ್ಷಗಟ್ಟಲೆ ಉಳಿದರು. ಕೂದಲು ಉದುರಿದ ಮಕ್ಕಳು, ತೊನ್ನು ಬಂದ ಮಕ್ಕಳು ಬಹಳ ಇದ್ದರಂತೆ. ಮೊದಮೊದಲು ತಲೆಯ ಮೇಲಿನ ಟೋಪಿ ತೆಗೆಯಲು ಒಪ್ಪುತ್ತಿರಲಿಲ್ಲ. ತನ್ನಂಥವರೇ ಹತ್ತು ಜನ ಟೋಪಿ ಎಸೆದು ಕಡಲಿಗೆ ಇಳಿಯುವುದನ್ನು ನೋಡಿದ ಮೇಲೆ ತಾನೂ ತೆಗೆಯುತ್ತಿತ್ತು ಮಗು.

“ನನಗೆ ಮೊದಲು ಬಂದ ರಷ್ಯನ್ ಮಾತು ‘ಬಲೀತ್’,” ಎಂದರು ನರ್ಸಮ್ಮ. ನೋಯುತ್ತಿದೆ ಎಂದು ಅರ್ಥ. ಎರಡನೆಯದು ‘ಮಾಮಾ’, ಅದಕ್ಕೆ ಅನುವಾದ ಬೇಕಾಗಲಿಲ್ಲ.

ಭಾಷೆಯದು ಸಣ್ಣ ಸಮಸ್ಯೆಯಾಗಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ರಷ್ಯನ್ ಸಾಹಿತ್ಯ ಕಲಿಸುತ್ತಿದ್ದವರನ್ನು ಆಸ್ಪತ್ರೆಗೆ ಕಳಿಸಿದರು. ಟಾಲ್‌ಸ್ಟಾಯ್, ಚೆಕಾಫರನ್ನು ಪಾಠ ಮಾಡುತ್ತಿದ್ದವರು ಈಗ ಮಗುವಿನ ರಕ್ತಪರೀಕ್ಷೆಯ ಫಲಿತಾಂಶವನ್ನು ತಾಯಿಗೆ ಹೇಳಬೇಕಾಯಿತು. ಅಂಥ ಒಬ್ಬ ಮೇಷ್ಟ್ರ ಮಕ್ಕಳಿಬ್ಬರು ದೊಡ್ಡವರಾದ ಮೇಲೆ ತಂದೆಯ ಅನುಭವವನ್ನು ಆಧರಿಸಿ 2018ರಲ್ಲಿ ‘ಉನ್ ತ್ರಾದುಕ್ತೋರ್’, ಅಂದರೆ ‘ಅನುವಾದಕ’ ಎಂಬ ಸಿನಿಮಾ ಮಾಡಿದ್ದಾರೆ. ಪರಭಾಷೆಯ ಊರಲ್ಲಿ ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದ ಅನುಭವ ಇರುವ ನಮ್ಮ ಓದುಗರಿಗೆ ಇದರ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿ ನೋವು ಎಂದು ತನ್ನ ಮಾತಿನಲ್ಲಿ ಹೇಳಲು ಸಿಗುವುದೂ ಅರ್ಧ ಔಷಧವೇ.

ಈ ಕೆಲಸ ಶುರುವಾದ ಮರುವರ್ಷವೇ ಸೋವಿಯತ್ ಒಕ್ಕೂಟ ಒಡೆದುಹೋಯಿತು. ಕ್ಯೂಬಾಕ್ಕೆ ತೈಲ, ಧಾನ್ಯ, ಯಂತ್ರ ಎಲ್ಲವೂ ಬರುತ್ತಿದ್ದುದು ಅಲ್ಲಿಂದಲೇ. ಬಸ್ಸುಗಳು ನಿಂತು ಜನ ಚೀನಾದ ಸೈಕಲ್ ಹತ್ತಿದರು. ದಿನದ ಎಷ್ಟೋ ಹೊತ್ತು ಕರೆಂಟ್ ಇಲ್ಲ. ತಟ್ಟೆಯಲ್ಲಿ ಊಟ ಕಡಿಮೆಯಾಗಿ ಜನ ಕಣ್ಣೆದುರೇ ಸೊರಗಿದರು. 1992-93ರಲ್ಲಿ 50 ಸಾವಿರಕ್ಕೂ ಹೆಚ್ಚು ಕ್ಯೂಬನ್ನರಿಗೆ ನರಗಳ ಕಾಯಿಲೆ ಬಂತು, ಹಲವರ ದೃಷ್ಟಿ ಮಂಜಾಯಿತು. ಪೌಷ್ಟಿಕಾಂಶದ ಕೊರತೆಯೇ ಅದರ ಮುಖ್ಯ ಕಾರಣ. ಸರ್ಕಾರ ಮನೆಮನೆಗೆ ವಿಟಮಿನ್ ಮಾತ್ರೆ ಹಂಚಬೇಕಾಯಿತು. ಇದೇ ಹೊತ್ತಿನಲ್ಲಿ, 1992ರಲ್ಲಿ, ನಮ್ಮ ದೇಶದಿಂದಲೂ ಒಂದು ಹಡಗು ಹೋಗಿತ್ತು. ಕಮ್ಯುನಿಸ್ಟ್ ನಾಯಕ ಹರ್ಕಿಷನ್ ಸಿಂಗ್ ಸುರ್ಜೀತ್ ಮುಂದೆ ನಿಂತು, ಪಂಜಾಬಿನ ರೈತರಿಂದಲೂ ಸಂಗ್ರಹಿಸಿ, ಕ್ಯೂಬಾಕ್ಕೆ ಸಾವಿರಾರು ಟನ್ ಗೋಧಿಯನ್ನೂ ಜೊತೆಗೆ ಸೋಪನ್ನೂ ಕಳಿಸಿದ್ದರು.

ಅಂದರೆ ಹೊರಗಿನಿಂದ ಗೋಧಿ, ಸೋಪು ಬರಬೇಕಾದ ಸ್ಥಿತಿಯಲ್ಲಿದ್ದ ದೇಶ ಆಗಲೂ ಪರರ ಮಕ್ಕಳಿಗೆ ಊಟ ಬಡಿಸುತ್ತಿತ್ತು.

ಇದನ್ನು ಕೇಳಿ ನಾನು ನರ್ಸಮ್ಮನನ್ನು ನೇರವಾಗಿಯೇ ಕೇಳಿದೆ. “ನಿಮಗೆ ಸಿಟ್ಟು ಬರಲಿಲ್ಲವೇ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಲ್ಲಿ ಪಡಿತರದ ಹಾಲು ಏಳು ವರ್ಷದವರೆಗಿನ ಮಕ್ಕಳಿಗೆ ಮಾತ್ರ. ಅವರ ಮಗನಿಗೆ ಆಗ ಒಂಬತ್ತು ವರ್ಷ. ಇಲ್ಲಿ ಬೆಳಿಗ್ಗೆ ಮಕ್ಕಳ ಲೋಟಕ್ಕೆ ಹಾಲು ಹಾಕಿ, ಸಂಜೆ ಮನೆಗೆ ಹೋಗಿ ಮಗನಿಗೆ ಸಕ್ಕರೆ ನೀರು ಕೊಟ್ಟ ದಿನಗಳಿದ್ದವಂತೆ. “ಬಂತು,” ಎಂದರು. “ಆದರೆ ಆ ಸಿಟ್ಟನ್ನು ಲೋಟ ಹಿಡಿದು ನಿಂತ ಮಗುವಿನ ಮೇಲೆ ತೋರಿಸುವುದು ಹೇಗೆ?”

ಈ ನೆರವನ್ನು ದೇವರ ಕೆಲಸ ಎಂದು ಹೊಗಳಿ ಮುಗಿಸುವುದು ಸುಲಭ. ಆದರೆ ಪ್ರಶ್ನೆಗಳಿವೆ. ಇದು ಸರ್ಕಾರ ತೀರ್ಮಾನಿಸಿದ್ದು, ಜನರನ್ನು ಯಾರೂ ಕೇಳಲಿಲ್ಲ. ಮಿತ್ರ ದೇಶದ ರಾಜಕೀಯವೂ ಇತ್ತು. ವಿಜ್ಞಾನದ ಪ್ರಶ್ನೆ ಇನ್ನೂ ದೊಡ್ಡದು. ಥೈರಾಯ್ಡ್ ಕ್ಯಾನ್ಸರಿಗೂ ಚೆರ್ನೋಬಿಲ್ಲಿಗೂ ಇರುವ ನಂಟು ಖಚಿತ. ಆದರೆ ತೊನ್ನು, ಕೂದಲು ಉದುರುವುದು, ಹೊಟ್ಟೆಯ ತೊಂದರೆ ಇವನ್ನೆಲ್ಲ ವಿಕಿರಣದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. 2005ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ ಕೊಟ್ಟ ವರದಿ, ಆ ದುರಂತದ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಮಾನಸಿಕವಾದದ್ದು ಎಂದಿತು. ಊರು ಬಿಟ್ಟ ದುಃಖ, ನಾಳೆ ಏನಾದೀತೋ ಎಂಬ ಭಯ, ‘ನಾನು ಚೆರ್ನೋಬಿಲ್ಲಿನವನು’ ಎಂಬ ಹಣೆಪಟ್ಟಿ.

ಹಾಗಿದ್ದರೆ ಮಕ್ಕಳನ್ನು ಅಷ್ಟು ದೂರ ಕರೆತಂದದ್ದು ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಮಣ್ಣಿನಲ್ಲಿ ಉಳಿದ ಸೀಸಿಯಮ್ ಅರ್ಧವಾಗಲು 30 ವರ್ಷ ಬೇಕು. ಆದರೆ ದೇಹಕ್ಕೆ ಸೇರಿದ ಸೀಸಿಯಮ್, ಶುದ್ಧ ಆಹಾರ ಸಿಕ್ಕರೆ, ಕೆಲವೇ ತಿಂಗಳಲ್ಲಿ ಬಹುಮಟ್ಟಿಗೆ ಹೊರಹೋಗುತ್ತದೆ. ಮಕ್ಕಳಲ್ಲಿ ಇನ್ನೂ ಬೇಗ. ಈ ಕಾರಣಕ್ಕೇ ಐರ್ಲೆಂಡ್, ಇಟಲಿ, ಜರ್ಮನಿಯ ಸಾವಿರಾರು ಕುಟುಂಬಗಳೂ ಬೇಸಿಗೆಯಲ್ಲಿ ಈ ಮಕ್ಕಳನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡವು. ಐರ್ಲೆಂಡಿನಲ್ಲಿ ಅಡಿ ರೋಶ್ ಎಂಬಾಕೆ 1991ರಲ್ಲಿ ಇದಕ್ಕಾಗಿಯೇ ಸಂಸ್ಥೆ ಕಟ್ಟಿದರು. ಇದಕ್ಕೆ ಮಿತಿಯೂ ಇದೆ. ಮಗು ಮರಳುವುದು ಅದೇ ಮಣ್ಣಿಗೆ, ಅದೇ ಕಾಡಿನ ಅಣಬೆಗೆ, ಅದೇ ಹಾಲಿಗೆ. ಆದರೂ ಭಯವೇ ದೊಡ್ಡ ಕಾಯಿಲೆಯಾಗಿದ್ದಲ್ಲಿ ಕಡಲು, ಶಾಲೆ, ಹಲ್ಲಿನ ಡಾಕ್ಟರು, ಟೋಪಿ ಎಸೆಯುವ ಗೆಳೆಯರು ಇವೆಲ್ಲ ಚಿಕಿತ್ಸೆಯ ಭಾಗವೇ ಅಲ್ಲವೇ? ಕೂದಲು ಉದುರಿದ್ದು ವಿಕಿರಣದಿಂದಲೋ ಅಲ್ಲವೋ ಎಂದು ಸಾಬೀತಾಗುವ ತನಕ ತರಾರಾ ಕಾಯಲಿಲ್ಲ. ಮಗುವಿಗೆ ಕೂದಲಿಲ್ಲ, ಅಷ್ಟು ಸಾಕಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಈ ಮಕ್ಕಳು ಬಂದಿಳಿದಾಗ ಕ್ಯೂಬಾ ತಾನೇ ಒಂದು ಅಣುಸ್ಥಾವರ ಕಟ್ಟುತ್ತಿತ್ತು! ಸಿಯೆನ್‌ಫ್ಯೂಗೊಸ್ ಬಳಿಯ ಹುರಾಗುವಾದಲ್ಲಿ ಸೋವಿಯತ್ ನೆರವಿನಿಂದ 1983ರಲ್ಲಿ ಶುರುವಾದ ಕೆಲಸ 1992ರಲ್ಲಿ ದುಡ್ಡಿಲ್ಲದೆ ನಿಂತುಹೋಯಿತು. ನಮ್ಮ ಕಡೆಯವರಿಗೆ ಇದು ಪರರ ಕತೆ ಎನ್ನಿಸದು. ಚೆರ್ನೋಬಿಲ್ ಆಗಿ ಮೂರು ವರ್ಷಕ್ಕೆ, 1989ರ ಲೋಕಸಭಾ ಚುನಾವಣೆಯಲ್ಲಿ, 87ರ ಇಳಿವಯಸ್ಸಿನಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧವನ್ನೇ ಮುಂದಿಟ್ಟು ನಮ್ಮ ಕ್ಷೇತ್ರದಿಂದ ನಿಂತು ಸೋತರು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕುಸಿಯಿತು. ಆಗ ಒಳಗೆ ಇಂಧನ ಇರಲಿಲ್ಲ. 2000ದಿಂದ ಅಲ್ಲಿ ವಿದ್ಯುತ್ ತಯಾರಾಗುತ್ತಿದೆ. ಮುಂಬಯಿಯ ನಮ್ಮ ಮನೆಗಳ ದೀಪಕ್ಕೂ ತಾರಾಪುರದ ಪಾಲು ಇದೆ. ಅಣುವಿದ್ಯುತ್ ಬೇಕೋ ಬೇಡವೋ ಎಂಬ ವಾದ ನಡೆಯಲಿ. ಆದರೆ ಬೇಕು ಎನ್ನುವ ದೇಶ, ಅನಾಹುತವಾದರೆ ಮಕ್ಕಳ ಹಾಲಿನ ಲೋಟ ಎಲ್ಲಿಂದ ಬರುತ್ತದೆ ಎಂಬುದನ್ನೂ ಯೋಚಿಸಿರಬೇಕು.

ಹವಾನಾಕ್ಕೆ ಹೋಗುವ ಕನ್ನಡಿಗರು ಯಾರಾದರೂ ಇದ್ದರೆ ಒಂದು ಮಧ್ಯಾಹ್ನವನ್ನು ತರಾರಾಕ್ಕೆ ಇಡಿ. ಊರಿನವರನ್ನು ಜೊತೆಗೆ ಕರೆದುಕೊಂಡು ಹೋದರೆ ಗೇಟು ದಾಟುವುದು ಸುಲಭ. ನೋಡಲು ಅರಮನೆಯೇನೂ ಇಲ್ಲ. ಪಾಳುಬಿದ್ದ ತರಗತಿ, ಖಾಲಿ ಅಡುಗೆಮನೆ, ಒಳ್ಳೆಯ ಕಡಲು.

ನೆರೆ ಬಂದಾಗ, ಭೂಕಂಪವಾದಾಗ ನಮ್ಮ ಸಂಘಗಳೂ ಅಕ್ಕಿ, ಕಂಬಳಿ, ಹಣ ಕೂಡಿಸಿ ಕಳಿಸುತ್ತವೆ. ಲಾರಿ ಹೊರಡುವಾಗ ಫೋಟೋ ತೆಗೆಯುತ್ತೇವೆ. ಅದು ಬೇಕಾದದ್ದೇ, ಅದನ್ನು ಕಡೆಗಣಿಸುತ್ತಿಲ್ಲ. ಆದರೆ ಲಾರಿ ಮರಳಿದ ಮೇಲೆ ಎರಡನೆಯ ವರ್ಷ, ಐದನೆಯ ವರ್ಷ ಆ ಊರಿನ ಮಗುವಿನ ಶಾಲೆ, ಹಲ್ಲುನೋವು, ಭಯ ಇವನ್ನು ಕೇಳುವವರು ಯಾರು? ತಮಗೇ ಸಾಲದಿದ್ದ ಜನ 21 ವರ್ಷ ಅದನ್ನು ಕೇಳುತ್ತ ಇದ್ದರು. ಕೈ ತುಂಬಿದ ಮೇಲೆ ಕೊಡೋಣ ಎಂದು ಅವರು ಕಾದಿದ್ದರೆ ಆ ಮಕ್ಕಳೆಲ್ಲ ಅಷ್ಟರಲ್ಲಿ ದೊಡ್ಡವರಾಗಿಬಿಡುತ್ತಿದ್ದರು.