ಹೆಳವರು ಹುಡುಕಿಕೊಟ್ಟ ಚಿಕ್ಕಪ್ಪ

ಮಕ್ಕಳೇ, ನಿಮ್ಮ ಅಜ್ಜನ ಅಜ್ಜನ ಹೆಸರೇನು? ಪತ್ರಿಕೆ ಪಕ್ಕಕ್ಕಿಟ್ಟು ಒಂದು ನಿಮಿಷ ಯೋಚಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೇಳಿ. ಹೆಚ್ಚಿನ ಮನೆಗಳಲ್ಲಿ ಮುತ್ತಜ್ಜನವರೆಗೆ ಬಂಡಿ ಹೋಗುತ್ತದೆ, ಅಲ್ಲಿಂದ ಮುಂದೆ ದಾರಿಯಿಲ್ಲ.

ನಮ್ಮದೂ ಹಾಗೇ ಇತ್ತು. ನಾಲ್ಕು ವರ್ಷದ ಹಿಂದೆ ನನ್ನ ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಾನು ಮುತ್ತಜ್ಜನ ಹೆಸರು ಬರೆಸಿದೆ. ಅವನ ಮೇಲಿನ ಗೆರೆ ಖಾಲಿ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದವನು ನಾನು. ಆರಂಭದ ಶಿಲ್ಕು ಇಲ್ಲದ ಖಾತೆ ಕಂಡರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಒಂದು ಸುಳಿವು ಮಾತ್ರ ಮೊದಲಿನಿಂದಲೂ ಕಣ್ಣಮುಂದೆ ಇತ್ತು. ನಮ್ಮ ಊರು ಕೊಟ್ಟೂರಿನ ಪಕ್ಕದ ಹಳ್ಳಿ. ಈ ಕಡೆ ಮನೆಗೊಬ್ಬ ಕೊಟ್ರಪ್ಪ, ಓಣಿಗೊಬ್ಬ ಕೊಟ್ರೇಶ. ನಮ್ಮ ಮನೆಯಲ್ಲಿ ಮಾತ್ರ ಮೈಲಾರಪ್ಪಗಳೇ ಹೆಚ್ಚು. ಮನೆದೇವರು ಹಡಗಲಿ ತಾಲ್ಲೂಕಿನ ಮೈಲಾರಲಿಂಗ. ಮನುಷ್ಯ ಊರು ಬಿಟ್ಟರೂ ಮನೆದೇವರನ್ನು ಬಿಡುವುದಿಲ್ಲ. ಹಾಗಾದರೆ ನಾವು ಹೊಳೆ ಕಡೆಯಿಂದ ಬಂದವರೇ?

ಇಂಥ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಉತ್ತರ ಹೇಳುವವರು ಹೆಳವರು. ನಾನು ಹುಡುಗನಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಬೆಳಗಿನ ಜಾವ ಗಂಟೆಯ ಸದ್ದು ಕೇಳಿಸುತ್ತಿತ್ತು. ಎತ್ತಿನ ಮೇಲೆ ಕುಳಿತ ಹೆಳವ ಬಾಗಿಲಲ್ಲಿ ನಿಂತು ನಮ್ಮ ಹಿರಿಯರ ಹೆಸರುಗಳನ್ನು ರಾಗವಾಗಿ ಹೇಳುತ್ತಿದ್ದ. ಹೆಳವ ಎಂದರೆ ಕಾಲಿಲ್ಲದವನು. ಅವರ ಮೂಲಪುರುಷ ನಡೆಯಲಾರದವನಾಗಿದ್ದ, ಅದಕ್ಕೇ ಎತ್ತಿನ ಮೇಲೆ ಬರುವುದು ಎಂದು ಕಥೆ. ನಾವು ಹುಡುಗರು ಎತ್ತನ್ನು ನೋಡುತ್ತಿದ್ದೆವೇ ಹೊರತು ಹೆಸರುಗಳನ್ನು ಕೇಳುತ್ತಿರಲಿಲ್ಲ. ಆಮೇಲೆ ನೌಕರಿ, ವರ್ಗಾವಣೆ. ಹೆಳವರು ಬರುವ ದಿನ ನಾನು ಊರಲ್ಲಿ ಇರುತ್ತಲೇ ಇರಲಿಲ್ಲ.

ಆ ವರ್ಷ ಕಾದು ಕುಳಿತೆ. ಹೆಳವರು ಬಂದರು, ಮೋಟರ್ ಬೈಕಿನಲ್ಲಿ! ಬೆನ್ನಿಗೆ ಚೀಲ, ಚೀಲದಲ್ಲಿ ದಪ್ಪ ಪುಸ್ತಕ. ಹಳೆಯ ಪುಸ್ತಕ ಹರಿದಂತೆಲ್ಲ ಹೊಸದಕ್ಕೆ ನಕಲು ಮಾಡುತ್ತಾ ಬಂದಿದ್ದಾರೆ. ನಮ್ಮ ಮನೆತನದ ಪುಟ ತೆಗೆದು ಓದಿದರು. ಮುತ್ತಜ್ಜನ ಅಪ್ಪ, ಅವನ ಅಪ್ಪ, ಹೀಗೆ ಒಂಬತ್ತು ತಲೆ. ಮುತ್ತಜ್ಜನ ಹೆಸರಿನ ಮುಂದೆ ಹೀಗೊಂದು ಸಾಲಿತ್ತು: ಧಾತು ಸಂವತ್ಸರದ ಬರದಲ್ಲಿ ಹಿರಿಯವನು ಹೆಂಡತಿ ಮಗುವಿನೊಂದಿಗೆ ತೆಂಕಲಿಗೆ ಹೋದ, ಕಿರಿಯವನು ಅಪ್ಪನ ಜೊತೆ ಊರಲ್ಲೇ ಉಳಿದ.

ಈಗ ಲೆಕ್ಕ ಮಾಡೋಣ. ಸಂವತ್ಸರಗಳು ಅರವತ್ತು; ಒಂದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಬಂದದ್ದು 1816, 1876, 1936ರಲ್ಲಿ. ಇವುಗಳಲ್ಲಿ ಯಾವುದು? 1876ರಲ್ಲಿ ಮಳೆ ಕೈಕೊಟ್ಟು, 1878ರವರೆಗೆ ದಕ್ಷಿಣ ಭಾರತವನ್ನೇ ಹಿಂಡಿದ ಮಹಾ ಬರ ಬಿತ್ತು. ಬಳ್ಳಾರಿ ಜಿಲ್ಲೆ ತೀರಾ ನರಳಿದ ಜಿಲ್ಲೆಗಳಲ್ಲಿ ಒಂದು. ಆಗ ನಾವು ಮದರಾಸು ಪ್ರಾಂತ್ಯದಲ್ಲಿದ್ದೆವು. ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಒಂದು ಕಚೇರಿಯಲ್ಲಿ ಹನ್ನೊಂದು ಸಲ ಅಲೆದ ಮೇಲೆ, ಗೆದ್ದಲು ತಿಂದು ಉಳಿಸಿದ ಹಳೆಯ ಜಮೀನು ಕಾಗದದಲ್ಲಿ ಮುತ್ತಜ್ಜನ ಹೆಸರು ಕಂಡಿತು: ಫಸಲಿ 1289. ಫಸಲಿಗೆ 590 ಕೂಡಿಸಿ, 1879. ಬರ ಮುಗಿದ ಮರುವರ್ಷವೇ ಅವನು ಇಲ್ಲಿ ನೇಗಿಲು ಹೂಡಿದ್ದ. ಲೆಕ್ಕ ತಾಳೆಯಾಯಿತು.

ಹೆಂಡತಿಯ ಹೆಸರು ಮಾತ್ರ ನಮ್ಮ ಪುಟದಲ್ಲಿ ಇರಲಿಲ್ಲ. 'ಹರಪನಹಳ್ಳಿ ಸೀಮೆಯ ಹೆಣ್ಣು' ಎಂದಷ್ಟೇ ಇತ್ತು. ನಮ್ಮ ಮನೆಯಲ್ಲಿ ತಲೆಮಾರಿಗೊಬ್ಬ ಉಚ್ಚೆಂಗಮ್ಮ ಇರುತ್ತಾಳೆ, ಉಚ್ಚಂಗಿದುರ್ಗ ಇರುವುದು ಹರಪನಹಳ್ಳಿ ತಾಲ್ಲೂಕಿನಲ್ಲಿ. ಇದು ಸಾಕ್ಷಿಯಲ್ಲ, ಬರೀ ಸುಳಿವು. ಆದರೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬರದಲ್ಲಿ ನಡೆದವಳಿಗೆ ಪುಸ್ತಕದಲ್ಲಿ ಒಂದು ಹೆಸರಿಲ್ಲದ್ದು ನನಗೆ ಸರಿ ಕಾಣಲಿಲ್ಲ. ಹೆಳವರಿಗೆ ಹೇಳಿ ನನ್ನ ಮೊಮ್ಮಗಳ ಹೆಸರನ್ನು ಅವತ್ತೇ ಬರೆಸಿದೆ.

ಐರ್ಲೆಂಡ್ ಎಂಬ ದೇಶದಲ್ಲೂ ಹೀಗೇ ಆಗಿದೆ. 1845ರಿಂದ ಅಲ್ಲಿ ಆಲೂಗಡ್ಡೆಗೆ ರೋಗ ಬಿದ್ದು, ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆಗಳ ಕಚೇರಿ ಸುಟ್ಟುಹೋಯಿತು. ಈಗ ಅಮೆರಿಕದಿಂದ ಅವರ ಮರಿಮಕ್ಕಳು ಬಂದು, ಚರ್ಚಿನ ನಾಮಕರಣದ ಪುಸ್ತಕದಲ್ಲಿ, ಗೋರಿಕಲ್ಲಿನ ಅಕ್ಷರದಲ್ಲಿ ತಮ್ಮ ಹಿರಿಯರನ್ನು ಹುಡುಕುತ್ತಾರೆ. ಅವರ ದಾಖಲೆ ಬೆಂಕಿಗೆ ಹೋಯಿತು. ನಮ್ಮ ಊರೇ ನೀರಿಗೆ ಹೋಗಿತ್ತು.

ಹೌದು, ಹೆಳವರ ಪುಸ್ತಕದಲ್ಲಿದ್ದ ಮೂಲ ಊರು ಈಗ ನಕಾಶೆಯಲ್ಲಿಲ್ಲ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಗಿ, 1953ರಲ್ಲಿ ನೀರು ನಿಂತಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಕಿರಿಯವನ ಕೊಂಬೆ ಏನಾಯಿತು? "ಆ ಪುಸ್ತಕ ನಮ್ಮ ದಾಯಾದಿ ಪಾಲಿಗೆ ಹೋಗೈತ್ರಿ ಯಜಮಾನ್ರ" ಎಂದರು ಹೆಳವರು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಅವರು ಮನೆತನಗಳನ್ನು ಹಂಚಿಕೊಳ್ಳುತ್ತಾರೆ. ಒಂದು ಚೀಲ ಜೋಳ, ಒಂದು ಕಂಬಳಿ ಕೊಟ್ಟೆ. ಎರಡು ತಿಂಗಳಿಗೆ ಫೋನ್ ಬಂತು: ಹಗರಿಬೊಮ್ಮನಹಳ್ಳಿ ಹತ್ತಿರದ ಪುನರ್ವಸತಿ ಊರಿನಲ್ಲಿ ಅವರಿದ್ದಾರೆ.

ಮೊಮ್ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಬಾಗಿಲಲ್ಲಿ ನಿಂತ ಹಿರಿಯರು ಆ ಕಿರಿಯವನ ಮೊಮ್ಮಗ. ನನಗಿಂತ ಆರೇ ವರ್ಷ ದೊಡ್ಡವರು, ಆದರೆ ತಲೆಮಾರಿನ ಲೆಕ್ಕದಲ್ಲಿ ನನಗೆ ಚಿಕ್ಕಪ್ಪ. ನಾನು ಹೆಳವರ ಸಾಲು ಹೇಳಿದೆ. ಅವರು ಮಾತಾಡದೆ ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು. "ದಾರಿಯೆಡೆಯವರು ಬಂದಾರ ನೋಡು" ಎಂದರು.

ನನಗೆ ಅರ್ಥವಾಗಲಿಲ್ಲ. ಚಿಕ್ಕಮ್ಮ ಹೇಳಿದರು. ಅವರ ಮನೆಯಲ್ಲಿ ಹಿರಿಯರ ಹಬ್ಬದ ದಿನ ಸತ್ತವರಿಗೆಲ್ಲ ಒಳಗೆ ಎಡೆ ಇಡುತ್ತಾರೆ. ಒಂದು ಎಡೆ ಮಾತ್ರ ಹೊಸಿಲ ಹತ್ತಿರ, ತೆಂಕಣಕ್ಕೆ ಮುಖ ಮಾಡಿ. ಬರದಲ್ಲಿ ಹೋದ ಅಣ್ಣ ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲ, ಸತ್ತವರ ಸಾಲಿಗೆ ಸೇರಿಸುವುದು ಹೇಗೆ? ಆ ತಮ್ಮ ಶುರು ಮಾಡಿದ್ದು, ಯಾರೂ ನಿಲ್ಲಿಸಿರಲಿಲ್ಲ. ಊರು ಮುಳುಗಿದ ವರ್ಷ ಮುರುಕು ಗುಡಿಸಲಿನ ಬಾಗಿಲಲ್ಲೂ ಇಟ್ಟಿದ್ದರಂತೆ.

ಮುಂದಿನ ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಚಿಕ್ಕಪ್ಪ ನಮ್ಮನ್ನು ಹಳೆಯ ಊರಿಗೆ ಕರೆದೊಯ್ದರು. ಬಿರುಕು ಬಿಟ್ಟ ಕೆಸರು, ನಡುವೆ ಹನುಮಪ್ಪನ ಗುಡಿಯ ಕಲ್ಲುಕಟ್ಟೆ. ಊರು ಬಿಟ್ಟಾಗ ಅವರಿಗೆ ಒಂಬತ್ತು ವರ್ಷ. ಕಟ್ಟೆಯಿಂದ ಮೂಡಲಿಗೆ ಹೆಜ್ಜೆ ಎಣಿಸಿಕೊಂಡು ಹೋಗಿ ಒಂದು ಗದ್ದುಗೆಯ ಮುಂದೆ ನಿಂತರು. ಐದಾರು ಚಪ್ಪಡಿಕಲ್ಲು, ಅಕ್ಷರ ಒಂದೂ ಇಲ್ಲ. "ಇದೇ ಇಬ್ಬರ ಅಪ್ಪಂದು. ದೊಡ್ಡ ಮಗನ ದಾರಿ ನೋಡ್ತಾ ಹ್ವಾದ ಅಂತಾರ" ಎಂದರು. ಮೊಮ್ಮಗ ಕಲ್ಲಿನ ಮೇಲಿನ ಒಣ ಪಾಚಿಯನ್ನು ಕೈಯಿಂದ ಒರೆಸಿದ. ಕಾಯಿ ಒಡೆದು ಬಂದೆವು. ಜುಲೈಗೆ ಮತ್ತೆ ನೀರು ಬಂತು.

ಆ ವರ್ಷದ ಹಿರಿಯರ ಹಬ್ಬಕ್ಕೆ ನಮ್ಮನ್ನು ಕರೆದಿದ್ದರು. "ಇನ್ನ ಆ ಎಡಿ ಇಡಬೇಕೋ ಬ್ಯಾಡೋ, ನೀನೇ ಹೇಳಪ್ಪ" ಎಂದರು ಚಿಕ್ಕಮ್ಮ. ನಾನು ಉತ್ತರ ಹೇಳದೆ ಹೊಸಿಲ ಹತ್ತಿರ ಕುಳಿತು, ಅದರಲ್ಲಿದ್ದ ಹೋಳಿಗೆ, ಬದನೆಕಾಯಿ ಪಲ್ಯ ಎಲ್ಲವನ್ನೂ ಉಂಡೆ. ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ತಾವೇ ತುಪ್ಪ ಬಡಿಸಿದರು.

ಒಂದು ತಕರಾರು ಇನ್ನೂ ಬಗೆಹರಿದಿಲ್ಲ. ಚಿಕ್ಕಪ್ಪನ ಮೊಮ್ಮಗಳು ಐದನೇ ತರಗತಿ. ತಲೆಮಾರು ಎಣಿಸಿದರೆ ಅವಳು ನನ್ನ ಮಗನಿಗೆ ತಂಗಿ. ಅಂದರೆ ಹೈಸ್ಕೂಲಿಗೆ ಹೋಗುವ ನನ್ನ ಮೊಮ್ಮಗನಿಗೆ ಅತ್ತೆ! ಬಂದಾಗಲೆಲ್ಲ ಅವಳು ಸೊಂಟದ ಮೇಲೆ ಕೈಯಿಟ್ಟು "ಅತ್ತೆ ಅನ್ನು" ಎನ್ನುತ್ತಾಳೆ. ಇವನು ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ತಪ್ಪಿದೆಯೇನೋ ಎಂದು ಮೊದಲಿನಿಂದ ಎಣಿಸಲು ಕೂರುತ್ತಾನೆ.