ಕೂದಲೆಳೆಯ ಬೀದಿ

ನಾನು ಮಾಡುತ್ತಿದ್ದ ಕೆಲಸವೇನೆಂದು ನೆಂಟರಿಷ್ಟರು ಕೇಳಿದಾಗಲೆಲ್ಲ ‘ಗರಗಸದ ಕೆಲಸ’ ಎಂದೇ ಉತ್ತರ ಕೊಡುತ್ತಿದ್ದೆನು. ಅವರು ನನ್ನ ಕೈಗಳನ್ನು ನೋಡಿ ನಗುವರು. ನಾನು ಆಡಿದುದೇನೂ ಸುಳ್ಳಲ್ಲ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ೧೮ ವರ್ಷ ಕಾಲ, ಸಿಲಿಕಾನ್ ಬಿಲ್ಲೆಗಳನ್ನು ಕೊಯ್ದು ಚಿಪ್‌ಗಳಾಗಿ ಬಿಡಿಸುವ ಯಂತ್ರವನ್ನು ನಡೆಸಿದವಳು ನಾನು.

ಬಿಲ್ಲೆಯ ಅಡ್ಡಳತೆ ೧೦೦ ಮಿಲಿಮೀಟರು, ಎಂದರೆ ಅಂಗೈಯಗಲ. ದಪ್ಪವು ಒಂದು ಮಿಲಿಮೀಟರಿಗೂ ಕಡಿಮೆ. ಕನ್ನಡಿಯಂತೆ ಹೊಳೆಯುವ ಅದರ ಮೈಮೇಲೆ ಚಿಪ್‌ಗಳು ಸಾಲುಸಾಲಾಗಿ ಮೂಡಿರುತ್ತವೆ. ಸಾಲುಗಳ ನಡುವೆ ಬಿಟ್ಟಿರುವ ಬರಿಯ ಜಾಗಕ್ಕೆ ನಾವು ಬೀದಿಯೆನ್ನುತ್ತಿದ್ದೆವು. ಬೀದಿಯ ಅಗಲ ೮೦ ಮೈಕ್ರಾನು, ಸುಮಾರು ಒಂದು ತಲೆಗೂದಲಿನಷ್ಟು. ಎರಡು ಪಕ್ಕದ ಮನೆಗಳಿಗೂ ತಾಗದಂತೆ ಗರಗಸವು ಅದರ ನಡುವೆಯೇ ಹಾಯಬೇಕು. ಈ ಗರಗಸಕ್ಕೆ ಹಲ್ಲುಗಳಿಲ್ಲ. ನಿಕ್ಕಲಿನಲ್ಲಿ ವಜ್ರದ ಹುಡಿಯನ್ನು ಹುದುಗಿಸಿದ, ೩೦ ಮೈಕ್ರಾನು ದಪ್ಪದ ಚಕ್ರವದು. ನಿಮಿಷಕ್ಕೆ ೩೦,೦೦೦ ಸುತ್ತು ತಿರುಗುತ್ತದೆ. ಕಾವು ತಣಿಸಲು ಎರೆಯುವ ನೀರು ಎಷ್ಟು ಶುದ್ಧವೆಂದರೆ ವಿದ್ಯುತ್ತೂ ಅದರಲ್ಲಿ ಸುಲಭವಾಗಿ ಹರಿಯಲಾರದು. ಆದರೆ ಅತಿ ಮಡಿಯೂ ಕೇಡೇ! ಹರಿಯಲಾರದ ವಿದ್ಯುತ್ತು ಬಿಲ್ಲೆಯ ಮೇಲೆ ಕೂಡಿಕೊಂಡು ಚಿಪ್‌ಗಳನ್ನು ಕೆಡಿಸಬಲ್ಲುದಾದುದರಿಂದ, ಸೋಡಾ ಅಂಗಡಿಯವನಂತೆ ಆ ನೀರಿಗೆ ತುಸು ಇಂಗಾಲಾಮ್ಲ ವಾಯುವನ್ನು ಬೆರೆಸುವರು.

ನಮಗೂ ಮಡಿಯುಂಟು. ಒಳಹೋಗುವವಳು ಹೂವು ಮುಡಿಯುವಂತಿಲ್ಲ, ಬಳೆ ತೊಡುವಂತಿಲ್ಲ. ಮುಖದ ಪೌಡರಿನ ಒಂದು ಕಣವೂ ಅಲ್ಲಿ ಧೂಳೇ. ಹಣೆಯ ಕುಂಕುಮವನ್ನು ಬಾಗಿಲಲ್ಲಿ ಒರಸಿ, ಹಿಂದಿರುಗುವಾಗ ಮತ್ತೆ ಇಟ್ಟುಕೊಳ್ಳುತ್ತಿದ್ದೆನು. ಈ ಸಂಗತಿಯನ್ನು ಅತ್ತೆಯವರಿಗೆ ನಾನು ಬಹುಕಾಲ ತಿಳಿಸಲೇ ಇಲ್ಲ.

೨೦೧೧ನೆಯ ಇಸವಿಯ ಮಳೆಗಾಲ, ರಾತ್ರಿಯ ಪಾಳಿ. ಮಗನನ್ನು ಜ್ವರದಲ್ಲಿ ಬಿಟ್ಟು ಬಂದಿದ್ದೆನು. ಚಕ್ರವು ಸವೆಯುವುದರಿಂದ, ಕೊಯ್ದ ಗೆರೆಯನ್ನು ಆಗಾಗ ಸೂಕ್ಷ್ಮದರ್ಶಕದಲ್ಲಿ ನೋಡಿ ಪುಸ್ತಕದಲ್ಲಿ ಬರೆಯತಕ್ಕುದು ನಿಯಮ. ಆ ರಾತ್ರಿ ಒಂದು ಸಲ ನೋಡದೆಯೇ ಮುಂದಿನ ಬಿಲ್ಲೆಯನ್ನೇರಿಸಿದೆನು. ಮೊದಲು ಎಚ್ಚರಿಸಿದುದು ಕಿವಿ: ಚಕ್ರದ ಶ್ರುತಿ ಕೆಟ್ಟಿತ್ತು. ನಿಲ್ಲಿಸಿ ನೋಡಿದರೆ ಅದರ ಅಂಚು ಮುರಿದಿದೆ. ಮೂರು ಬೀದಿಗಳ ಉದ್ದಕ್ಕೂ ಚಿಪ್‌ಗಳ ಮಗ್ಗುಲು ಚಕ್ಕೆಯೆದ್ದಿದೆ.

ಕೆಟ್ಟುದು ಕಣ್ಣೆದುರಿಗಿತ್ತು, ಮುಚ್ಚುವಂತಿರಲಿಲ್ಲ. ನನ್ನನ್ನು ಕಾಡಿದುದು ಅದರ ಹಿಂದಿನ ಬಿಲ್ಲೆ. ಅದು ಆಗಲೇ ತೊಳೆದು ಒಳ್ಳೆಯವುಗಳ ಜೊತೆ ಸೇರಿತ್ತು. ಸಿಲಿಕಾನಿನ ಸೂಕ್ಷ್ಮ ಬಿರುಕು ಎಷ್ಟೋ ವೇಳೆ ಪರೀಕ್ಷೆಯನ್ನೂ ದಾಟಿ ಹೋಗಿ, ಕಾವು ತಂಪುಗಳ ಏರಿಳಿತದಲ್ಲಿ ಬೆಳೆದು, ಬಹುದಿನಗಳ ಮೇಲೆ ಯಾರದೋ ಮನೆಯಲ್ಲಿ ಯಂತ್ರವನ್ನು ನಿಲ್ಲಿಸುವುದುಂಟು. ಪುಸ್ತಕದಲ್ಲಿ ಆ ಹೊತ್ತಿನ ಮನೆ ಖಾಲಿಯಿದ್ದಿತು. ‘ಸರಿ’ ಎಂದು ಎರಡಕ್ಷರ ಗೀಚಿದ್ದರೆ ಕೇಳುವವರಾರು? ಲೇಖನಿಯನ್ನು ಹಿಡಿದು ಎಷ್ಟು ಹೊತ್ತು ಕುಳಿತೆನೋ ಅರಿಯೆ. ಕೊನೆಗೆ ಎದ್ದುಹೋಗಿ ಆ ಬಿಲ್ಲೆಯನ್ನು ಹಿಂದಕ್ಕೆ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟೆನು. ಕಡೆಯ ಎರಡು ಸಾಲುಗಳಲ್ಲಿ ಬಿರುಕು ಇದ್ದೇ ಇದ್ದಿತು.

‘ನೋಡಲಿಲ್ಲ’ ಎಂದು ಬರೆದೆನು. ಮೇಲ್ವಿಚಾರಕರು ಬೆಳಗ್ಗೆ ಅದನ್ನೋದಿ ಎರಡು ಸಲ ನನ್ನ ಮುಖ ನೋಡಿದರು. ಆ ತಿಂಗಳ ಬಹುಮಾನದ ಹಣ ಹೋಯಿತು. ಮಗನ ಔಷಧಿಗೆಂದು ಅದನ್ನೇ ನೆಚ್ಚಿಕೊಂಡಿದ್ದೆನು.

ಮನೆ ಸೇರುವ ವೇಳೆಗೆ ಹುಡುಗನ ಜ್ವರವಿಳಿದಿತ್ತು. ಅತ್ತೆಯವರು ಕಾಫಿಯ ಲೋಟವನ್ನು ಕೈಗಿತ್ತು, ‘ಹಣೆಯೇಕೆ ಬರಿದಾಗಿದೆ?’ ಎಂದರು. ಅಂದು ಅದನ್ನೂ ಹೇಳಿಬಿಟ್ಟೆನು.